ಬೀದಿ ಗೋಡೆಯ ಚಿತ್ರ ಮ್ಯೂಸಿಯಂ ಒಳಗೆ: ಒಪ್ಪಿಕೊಳ್ಳಲಾ, ಬೇಡವಾ?

ಗೋಡೆಕುಂಚ
14 ವರ್ಷದಿಂದ ಗೋಡೆ ಮೇಲೆ ಚಿತ್ರ ಬರೀತಿದ್ದೇನೆ. ಶುರುವಿನಲ್ಲಿ ರಾತ್ರಿ ಹೊತ್ತು, ಯಾರನ್ನೂ ಕೇಳದೆ. ಆಮೇಲೆ ಅನುಮತಿ ತಗೊಂಡು, ಏಣಿ ಹಾಕಿಕೊಂಡು, ಹಗಲಲ್ಲಿ. ಈಗ ಒಂದು ಪ್ರಾದೇಶಿಕ ಮ್ಯೂಸಿಯಂನವರು ಕರೆದಿದ್ದಾರೆ. ಕಲೆ ಮತ್ತು ಇತಿಹಾಸ ಎರಡೂ ಇರುವ ಜಾಗ: ಒಂದು ಕೋಣೆಯಲ್ಲಿ ನಾಣ್ಯ, ಉಪಕರಣ, ಹಳೇ ದಾಖಲೆ, ಪಕ್ಕದ ಕೋಣೆಯಲ್ಲಿ ಚೌಕಟ್ಟು ಹಾಕಿದ ಚಿತ್ರಗಳು. ನನ್ನಂಥ ಆರು ಜನ ಒಳಗಿನ ತಾತ್ಕಾಲಿಕ ಗೋಡೆಗಳ ಮೇಲೆ ಬರೆಯಬೇಕು. ಐದು ತಿಂಗಳ ಪ್ರದರ್ಶನ. ಮುಗಿದ ಮೇಲೆ ಎಲ್ಲದರ ಮೇಲೂ ಬಿಳಿ ಬಣ್ಣ.

ಬಣ್ಣದ ಖರ್ಚು ಅವರದು, ಕೂಲಿ ಇಲ್ಲ. "ನಿಮಗೆ ಪ್ರಚಾರ ಸಿಗುತ್ತೆ" ಅಂದರು. ಫೋಟೋಗಳ ಹಕ್ಕು ಪೂರ್ತಿ ಅವರದೇ ಅಂತ ಒಪ್ಪಂದದಲ್ಲಿದೆ.

ಇದರ ಜೊತೆ ಇನ್ನೊಂದು. ಒಂಬತ್ತು ವರ್ಷದ ಹಿಂದೆ ಒಂದು ಬೀದಿಯ ಜನರ ಜೊತೆ ಸೇರಿ ದೊಡ್ಡ ಗೋಡೆ ಮಾಡಿದ್ದೆ. ಆ ಕಟ್ಟಡ ಬೇಗ ಕೆಡವುತ್ತಾರಂತೆ. ಅದರ ಬಣ್ಣದ ಪದರ ಕಿತ್ತು ಶಾಶ್ವತ ಸಂಗ್ರಹಕ್ಕೆ ತಗೋತೀವಿ, ಒಪ್ಪಿಗೆ ಕೊಡಿ ಅಂತಾರೆ. ನಿದ್ದೆ ಬರ್ತಿಲ್ಲ. ಅನುಭವ ಇರೋರು ಹೇಳಿ.

ನಡುರಾತ್ರಿ
ಬೇಡ. ಎರಡಕ್ಕೂ ಬೇಡ. ಬೀದಿಯ ಚಿತ್ರಕ್ಕೆ ಬೀದಿಯೇ ಅರ್ಥ ಕೊಡೋದು. ಬಿಸಿಲು, ಧೂಳು, ಅದರ ಮೇಲೆ ಯಾರೋ ಅಂಟಿಸಿದ ಭಿತ್ತಿಪತ್ರ, ಅದರ ಮುಂದೆ ನಿಂತು ಜಗಳ ಆಡುವ ಜನ. ಹವಾನಿಯಂತ್ರಿತ ಕೋಣೆಗೆ ತಂದಿಟ್ಟರೆ ಉಳಿಯೋದು ಬಣ್ಣ ಮಾತ್ರ.

ಹಳೇ ಕಡತ
ನಡುರಾತ್ರಿ, ಅಷ್ಟು ಬೇಗ ಬಾಗಿಲು ಹಾಕಬೇಡಿ. ಇಟಲಿಯ ಹಳೇ ರೋಮನ್ ಊರು ಪಾಂಪೇಯಿಯ ಗೋಡೆಗಳ ಮೇಲೆ ಜನ ಗೀಚಿದ ಬರಹ ಸಾವಿರಾರು ಸಿಕ್ಕಿವೆ. ಚುನಾವಣೆಯ ಘೋಷಣೆ, ಪ್ರೇಮ, ಬೈಗುಳ, ಲೆಕ್ಕ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಕ್ಕಿ ಊರನ್ನು ಮುಚ್ಚಿದ್ದರಿಂದ ಉಳಿದವು. ರೋಮನ್ ಸಾಮಾನ್ಯ ಜನ ಏನು ಮಾತಾಡ್ತಿದ್ದರು ಅಂತ ಗೊತ್ತಾಗೋದೇ ಅವುಗಳಿಂದ. ಎರಡು ಸಾವಿರ ವರ್ಷದ ಗೀಚನ್ನು ಇತಿಹಾಸ ಅಂತ ಗಾಜಿನ ಹಿಂದೆ ಇಡ್ತೀವಿ, ನಮ್ಮ ಕಾಲದ್ದನ್ನು ಮಾತ್ರ ಹೊಲಸು ಅಂತ ತೊಳೀತೀವಿ. ಇತಿಹಾಸದ ಮ್ಯೂಸಿಯಂಗೆ ಇದರಲ್ಲಿ ಕೆಲಸ ಇದೆ.

ನಡುರಾತ್ರಿ
ಪಾಂಪೇಯಿಯಲ್ಲಿ ಬರೆದವನನ್ನು ಕೇಳೋಕೆ ಆಗಲ್ಲ. ಇಲ್ಲಿ ಬರೆದವರು ಬದುಕಿದ್ದಾರೆ. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡದು.

ಸುಣ್ಣಬಣ್ಣ
ಬೊಲೊನ್ಯಾ ಕಥೆ ಗೊತ್ತಿಲ್ಲದವರು ತಿಳ್ಕೊಳ್ಳಿ. ಈ ಪ್ರಶ್ನೆಗೆ ಅದಕ್ಕಿಂತ ಹತ್ತಿರದ್ದು ಇಲ್ಲ.

2016ರ ಮಾರ್ಚ್‌ನಲ್ಲಿ ಇಟಲಿಯ ಆ ಊರಿನ ಇತಿಹಾಸ ಮ್ಯೂಸಿಯಂ, ಪಲಾಟ್ಸೋ ಪೆಪೋಲಿಯಲ್ಲಿ, ಬೀದಿ ಕಲೆಯ ದೊಡ್ಡ ಪ್ರದರ್ಶನ ಶುರುವಾಗೋದಿತ್ತು. ಬ್ಲೂ ಅನ್ನೋ ಕಲಾವಿದ ಅದೇ ಊರಲ್ಲಿ 20 ವರ್ಷ ಗೋಡೆ ಬರೆದವನು. ಅವನ ಕೆಲವು ಚಿತ್ರಗಳನ್ನು ಅವನ ಒಪ್ಪಿಗೆ ಇಲ್ಲದೆ ಗೋಡೆಯಿಂದ ಕಿತ್ತು ಪ್ರದರ್ಶನಕ್ಕೆ ತಂದರು. ಕೆಡವುವ ಕಟ್ಟಡಗಳಿಂದ ಉಳಿಸ್ತಿದ್ದೀವಿ ಅಂತ ಅವರ ಸಮರ್ಥನೆ. ಪ್ರದರ್ಶನಕ್ಕೆ ಒಂದು ವಾರ ಇರುವಾಗ ಬ್ಲೂ ಮತ್ತು ಅವನ ಜೊತೆಗಾರರು ಬೂದು ಬಣ್ಣದ ಡಬ್ಬಿ ಹಿಡಿದು ಹೊರಟರು. ಊರಲ್ಲಿ ಉಳಿದಿದ್ದ ಅವನ ಚಿತ್ರಗಳನ್ನೆಲ್ಲ ಅವನೇ ಅಳಿಸಿಬಿಟ್ಟ. 20 ವರ್ಷದ ಕೆಲಸ. ಒಂದು ಊರಿನ ಜನ ಬೆಳಗ್ಗೆ ಎದ್ದು ನೋಡಿದರೆ ಬೂದು.

ಗೋಡೆಕುಂಚ ಅವರೇ, ನಿಮ್ಮನ್ನು ಕೇಳ್ತಿದ್ದಾರಲ್ಲ, ಅದೇ ಒಂದು ಹೆಜ್ಜೆ ಮುಂದೆ. ಅವನನ್ನು ಕೇಳಲೂ ಇಲ್ಲ.

ಕರಿಹಲಗೆ
ಆ ಬ್ಲೂ ಮಾಡಿದ್ದು ನನಗೆ ಸರಿ ಕಾಣಲ್ಲ. ಮ್ಯೂಸಿಯಂ ಮೇಲಿನ ಸಿಟ್ಟಿಗೆ ಊರವರ ಗೋಡೆ ಅಳಿಸಿದ. ದಿನಾ ಆ ಚಿತ್ರ ನೋಡ್ತಾ ಶಾಲೆಗೆ ಹೋದ ಮಕ್ಕಳು ಏನು ತಪ್ಪು ಮಾಡಿದ್ದರು?

ನಡುರಾತ್ರಿ
ಅವನ ಚಿತ್ರ, ಅವನು ಅಳಿಸಿದ.

ಕರಿಹಲಗೆ
ಬೀದಿಗೆ ಕೊಟ್ಟ ಮೇಲೆ ಅವನದು ಮಾತ್ರ ಹೇಗಾಗುತ್ತೆ? ನೀವೇ ಮೇಲೆ ಹೇಳಿದ್ದು, ಬೀದಿಯೇ ಅರ್ಥ ಕೊಡೋದು ಅಂತ. ಎರಡೂ ಮಾತು ಒಟ್ಟಿಗೆ ನಿಲ್ಲಲ್ಲ.

ಬಿಡಿಎಳೆ
ಅದೇ ಬ್ಲೂಗೆ ಮ್ಯೂಸಿಯಂಗಳ ಮೇಲೆ ಹಳೇ ಗಾಯ ಇತ್ತು. 2010ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನ ಸಮಕಾಲೀನ ಕಲಾ ಮ್ಯೂಸಿಯಂ ಅವನನ್ನು ಕರೆಸಿ ತನ್ನ ಹೊರಗೋಡೆ ಕೊಟ್ಟಿತು. ಅವನು ಬರೆದದ್ದು ಶವಪೆಟ್ಟಿಗೆಗಳ ಸಾಲು, ಬಾವುಟದ ಬದಲು ಡಾಲರ್ ನೋಟು ಹೊದಿಸಿದ್ದು. ಹತ್ತಿರದಲ್ಲೇ ನಿವೃತ್ತ ಸೈನಿಕರ ಕಚೇರಿ, ಜಪಾನೀ ಮೂಲದ ಅಮೆರಿಕನ್ ಸೈನಿಕರ ಸ್ಮಾರಕ. ಮ್ಯೂಸಿಯಂ ತಾನೇ ಕರೆಸಿ ತಾನೇ ಸುಣ್ಣ ಹೊಡೆಸಿತು. 2011ರ ಬೀದಿ ಕಲೆಯ ದೊಡ್ಡ ಪ್ರದರ್ಶನಕ್ಕೆ ಅಂತಲೇ ಬರೆಸಿದ ಗೋಡೆ ಅದು.

ಹಾಗಾಗಿ ಒಪ್ಪಂದದಲ್ಲಿ ಮೊದಲು ನೋಡಬೇಕಾದ ಸಾಲು: ನಡುವೆ ಅಳಿಸೋ ಅಧಿಕಾರ ಯಾರಿಗೆ?

ಗೋಡೆಕುಂಚ
ಆ ಸಾಲು ಇದೆಯಾ ಅಂತ ಈಗ ತೆಗೆದು ನೋಡಿದೆ. "ಸಂಸ್ಥೆಯ ಹಿತದೃಷ್ಟಿಯಿಂದ ಯಾವಾಗ ಬೇಕಾದರೂ ತೆಗೆಯಬಹುದು." ಓದಿರಲಿಲ್ಲ.

ದೀಪದ ಬುಡ
ಗುರುವೇ, ಸಹಿ ಹಾಕಬೇಡಿ ಹಾಗೇ.

ಹೊಸಬಳು
ಒಂದು ಸಣ್ಣ ಪ್ರಶ್ನೆ, ಬೈಯಬೇಡಿ. ಭಿತ್ತಿಚಿತ್ರ, ಗ್ರಾಫಿಟಿ, ಬೀದಿ ಕಲೆ ಮೂರೂ ಒಂದೇನಾ?

ಹಳೇ ಕಡತ
ಬೈಯೋದ್ಯಾಕೆ, ಒಳ್ಳೇ ಪ್ರಶ್ನೆ. ಗ್ರಾಫಿಟಿ ಅನ್ನೋದು ಗೀರುವುದು ಅನ್ನುವ ಇಟಾಲಿಯನ್ ಮೂಲದ್ದು. ನಮ್ಮ "ಗೀಚು" ಬಹಳ ಹತ್ತಿರ. ಈಗ ಅದು ಹೆಚ್ಚಾಗಿ ಅಕ್ಷರದ ಕಲೆ: ತನ್ನ ಗುಪ್ತ ಹೆಸರನ್ನು ತನ್ನದೇ ಶೈಲಿಯಲ್ಲಿ ಬರೆಯೋದು. ಬೀದಿ ಕಲೆ ಅಂದರೆ ಸ್ಟೆನ್ಸಿಲ್ (ಕತ್ತರಿಸಿದ ಅಚ್ಚಿನ ಮೇಲೆ ಬಣ್ಣ ಹೊಡೆಯೋದು), ಅಂಟು ಕಾಗದ, ಆಕೃತಿ, ದಾರಿಹೋಕರಿಗೆ ಅರ್ಥವಾಗಲಿ ಅಂತ ಮಾಡಿದ್ದು. ಮ್ಯೂರಲ್, ಅಂದರೆ ಭಿತ್ತಿಚಿತ್ರ, ಸಾಮಾನ್ಯವಾಗಿ ಅನುಮತಿ ಇರುವ ದೊಡ್ಡ ಗೋಡೆ.

ನಡುರಾತ್ರಿ
ಭಿತ್ತಿ ಅಂದರೂ ಗೋಡೆಯೇ. ಸಂಸ್ಕೃತದಲ್ಲಿ ಹೇಳಿದ ಕೂಡಲೇ ಕಾನೂನುಬದ್ಧ ಆಗಿಬಿಡುತ್ತೆ, "ಗೋಡೆ ಬರಹ" ಅಂದರೆ ದಂಡ ಕಟ್ಟಬೇಕು. ನನಗೆ ಈ ವಿಂಗಡಣೆ ಬಗ್ಗೆ ನಿಜಕ್ಕೂ ಬೇಸರ ಇದೆ. ಅಕ್ಷರ ಬರೆಯೋ ಹುಡುಗರನ್ನು ಮ್ಯೂಸಿಯಂ ಕರೆಯಲ್ಲ. ಮುಖ, ಹೂವು, ಹಕ್ಕಿ ಬರೆಯೋರನ್ನು ಕರೆಯುತ್ತೆ.

ಹಳೇ ಕಡತ
ಕರೆದ ಉದಾಹರಣೆ ಇದೆ. ಮಾರ್ಟಿನ್ ವಾಂಗ್ ಅನ್ನೋ ಚಿತ್ರಕಾರ ನ್ಯೂಯಾರ್ಕ್‌ನಲ್ಲಿ ಕಲಾ ಸಾಮಗ್ರಿ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದ. ರೈಲಿನ ಮೇಲೆ ಅಕ್ಷರ ಬರೆಯೋ ಹುಡುಗರ ಪರಿಚಯ ಬೆಳೆಸಿಕೊಂಡು ಅವರ ಕ್ಯಾನ್ವಾಸು, ಕಪ್ಪು ಪುಸ್ತಕಗಳನ್ನು ಕೂಡಿಟ್ಟ. ಕಪ್ಪು ಪುಸ್ತಕ ಅಂದರೆ ಅವರ ಅಭ್ಯಾಸದ ಪುಸ್ತಕ; ಒಬ್ಬರದರಲ್ಲಿ ಇನ್ನೊಬ್ಬರು ಬರೆದು ಕೊಡೋರು. 1994ರಲ್ಲಿ ಅದೆಲ್ಲವನ್ನೂ ಮ್ಯೂಸಿಯಂ ಆಫ್ ದ ಸಿಟಿ ಆಫ್ ನ್ಯೂಯಾರ್ಕ್‌ಗೆ ಕೊಟ್ಟ. ಅದು ಊರಿನ ಇತಿಹಾಸದ ಮ್ಯೂಸಿಯಂ. 2014ರಲ್ಲಿ ಆ ಸಂಗ್ರಹದ ಪ್ರದರ್ಶನ ಆಯಿತು.

ಗಮನಿಸಿ: ಅವನು ಯಾವ ಗೋಡೆಯನ್ನೂ ಕಿತ್ತಿಲ್ಲ. ರೈಲುಗಳನ್ನು ಯಾವತ್ತೋ ತೊಳೆದಾಗಿತ್ತು. ಉಳಿದದ್ದು ಪುಸ್ತಕ. ಶೈಲಿ ಯಾರಿಂದ ಯಾರಿಗೆ ಹೋಯ್ತು ಅನ್ನೋದು ಗೋಡೆಗಿಂತ ಆ ಪುಸ್ತಕಗಳಲ್ಲೇ ಸ್ಪಷ್ಟ.

ತೇವಗೋಡೆ
ನಾನು ಗೋಡೆ ಚಿತ್ರಗಳ ಸಂರಕ್ಷಣೆಯ ಕೆಲಸದಲ್ಲಿದ್ದೇನೆ. "ಬಣ್ಣದ ಪದರ ಕಿತ್ತು" ಅಂದರೆ ಏನಾಗುತ್ತೆ ಅಂತ ಹೇಳ್ತೀನಿ, ಯಾಕಂದರೆ ಕೇಳೋಕೆ ಸುಲಭ ಅನ್ನಿಸುತ್ತೆ.

ಇಟಲಿಯ ಹಳೇ ಫ್ರೆಸ್ಕೋಗಳಿಂದ (ಹಸಿ ಗಾರೆ ಮೇಲೆ ಬರೆದ ಚಿತ್ರಗಳಿಂದ) ಬಂದ ಮೂರು ದಾರಿ ಇವೆ. ಸ್ಟ್ರಾಪ್ಪೋ: ಚಿತ್ರದ ಮೇಲೆ ಅಂಟು ಸವರಿ ಬಟ್ಟೆ ಹಚ್ಚೋದು, ಅಂಟು ಒಣಗಿ ಬಿಗಿಯುವಾಗ ಬಣ್ಣದ ತೆಳು ಪದರವನ್ನು ಮಾತ್ರ ಎಳೆದುಕೊಂಡು ಬರುತ್ತೆ. ಸ್ಟಾಕ್ಕೋ: ಬಣ್ಣದ ಜೊತೆ ಗಾರೆಯನ್ನೂ ಬಿಡಿಸೋದು. ಮೂರನೆಯದು ಗೋಡೆಯನ್ನೇ ಕತ್ತರಿಸಿ ತರೋದು. ಮೊದಲನೆಯದು ಹಗುರ, ಆದರೆ ಗೋಡೆಯ ಉಬ್ಬುತಗ್ಗು, ಬಿರುಕು, ಇಟ್ಟಿಗೆಯ ಗುರುತು ಹೋಗಿಬಿಡುತ್ತೆ. ಕೊನೆಯದರಲ್ಲಿ ಎಲ್ಲ ಉಳಿಯುತ್ತೆ, ಆದರೆ ಟನ್‌ಗಟ್ಟಲೆ ಭಾರ.

ಇನ್ನೂ ಒಂದು ಮಾತು. ಸುಣ್ಣದ ಹಸಿ ಗಾರೆಯ ಮೇಲೆ ಬರೆದ ಫ್ರೆಸ್ಕೋದಲ್ಲಿ ಬಣ್ಣ ಗೋಡೆಯ ಜೊತೆ ಕಲ್ಲಾಗುತ್ತೆ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನು ಹಿಡಿದುಕೊಳ್ಳುತ್ತೆ. ಸ್ಪ್ರೇ ಮತ್ತು ಅಕ್ರಿಲಿಕ್ ಹಾಗಲ್ಲ, ಅದು ಮೇಲೆ ಕೂತ ಪೊರೆ. ಫ್ಲೋರೊಸೆಂಟ್ ಬಣ್ಣಗಳು ಬಿಸಿಲಲ್ಲಿ ಬಹಳ ಬೇಗ ಸತ್ತುಹೋಗ್ತವೆ. ಕಿತ್ತ ಮೇಲೂ ಅದು ನೀವು ಬರೆದ ದಿನದ ಚಿತ್ರ ಆಗಿರಲ್ಲ.

ಯಾವ ಪದ್ಧತಿ, ಯಾರು ಮಾಡ್ತಾರೆ, ಮೊದಲು ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಪರೀಕ್ಷೆ ಮಾಡ್ತಾರಾ, ಇದನ್ನು ಬರಹದಲ್ಲಿ ಕೇಳಿ.

ಗೋಡೆಕುಂಚ
ನನ್ನ ಗೋಡೆ ಒರಟು ಇಟ್ಟಿಗೆ, ಮೇಲೆ ತೆಳು ಗಾರೆ, ಅದರ ಮೇಲೆ ಹೊರಾಂಗಣದ ಎಮಲ್ಷನ್. ಕೆಲವು ಕಡೆ ಬರೀ ಇಟ್ಟಿಗೆ ಮೇಲೆ.

ತೇವಗೋಡೆ
ಬರೀ ಇಟ್ಟಿಗೆ ಮೇಲಿನದು ಸ್ಟ್ರಾಪ್ಪೋದಲ್ಲಿ ತುಂಡಾಗುವ ಸಾಧ್ಯತೆ ಹೆಚ್ಚು. ಸುಳ್ಳು ಧೈರ್ಯ ಕೊಡಲ್ಲ.

ದೀಪದ ಬುಡ
ಕಾನೂನಿನ ಕಡೆಯಿಂದ: ನ್ಯೂಯಾರ್ಕ್‌ನ ಫೈವ್ ಪಾಯಿಂಟ್ಝ್ ಅನ್ನೋ ಗ್ರಾಫಿಟಿ ತುಂಬಿದ ಕಟ್ಟಡದ ಕೇಸಲ್ಲಿ ಕಲಾವಿದರು ಗೆದ್ದು ಗೋಡೆ ಉಳಿಸಿಕೊಂಡರಲ್ಲ? ಅದನ್ನು ತೋರಿಸಿ.

ಬಿಡಿಎಳೆ
ಗೆದ್ದರು, ಗೋಡೆ ಉಳೀಲಿಲ್ಲ. 2013ರ ನವೆಂಬರ್‌ನಲ್ಲಿ ಮಾಲೀಕ ರಾತ್ರೋರಾತ್ರಿ ಸುಣ್ಣ ಹೊಡೆಸಿದ, ಮುಂದಿನ ವರ್ಷ ಕಟ್ಟಡವನ್ನೇ ಕೆಡವಿದರು. 2018ರಲ್ಲಿ ತೀರ್ಪು: 45 ಚಿತ್ರಗಳಿಗೆ ತಲಾ ಒಂದೂವರೆ ಲಕ್ಷ ಡಾಲರ್, 21 ಕಲಾವಿದರಿಗೆ ಒಟ್ಟು 67.5 ಲಕ್ಷ ಡಾಲರ್. ಅಮೆರಿಕದಲ್ಲಿ ದೃಶ್ಯ ಕಲಾವಿದರ ಹಕ್ಕಿಗೆ 1990ರ ಕಾಯ್ದೆ ಇದೆ, ಅದರ ಕೆಳಗೆ. ಅಳಿಸೋ ಮುಂಚೆ ನೋಟಿಸ್ ಕೊಟ್ಟು, ಕನಿಷ್ಠ ಫೋಟೋ ತೆಗೆಯೋಕಾದರೂ ಬಿಡಲಿಲ್ಲ ಅನ್ನೋದೇ ನ್ಯಾಯಾಧೀಶರನ್ನು ಕೆರಳಿಸಿದ್ದು.

ಭಾರತದಲ್ಲೂ ದೊಡ್ಡ ತೀರ್ಪಿದೆ. ದೆಹಲಿಯ ವಿಜ್ಞಾನ ಭವನಕ್ಕೆ ಅಮರನಾಥ ಸೆಹಗಲ್ ಮಾಡಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ಹೇಳದೆ ಕಿತ್ತು ಗೋದಾಮಿಗೆ ಹಾಕಿದರು. ತುಂಡು ತುಂಡಾಯ್ತು. ಅವರು ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಹಿಡಿದು ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೇ ವಾಪಸ್ ಕೊಡಿಸಿ, ಐದು ಲಕ್ಷ ರೂಪಾಯಿ ಪರಿಹಾರ ಹೇಳಿತು. ಕೃತಿ ಮಾರಿದ ಮೇಲೂ ಅದರ ಮರ್ಯಾದೆಯ ಹಕ್ಕು ಕರ್ತೃವಿನ ಬಳಿ ಇರುತ್ತೆ ಅನ್ನೋದು ಅದರ ತಿರುಳು. ಆದರೆ ಕಿತ್ತದ್ದರಿಂದ ತೀರ್ಪಿನವರೆಗೆ 26 ವರ್ಷ. ಕೋರ್ಟಿಗೆ ಹೋಗೋ ಬದಲು ಒಪ್ಪಂದದಲ್ಲೇ ಬರೆಸಿಕೊಳ್ಳೋದು ಲೇಸು.

ದೀಪದ ಬುಡ
ತಿದ್ದಿದ್ದಕ್ಕೆ ಥ್ಯಾಂಕ್ಸ್. ಗೋಡೆ ಉಳೀತು ಅಂತಲೇ ತಿಳ್ಕೊಂಡಿದ್ದೆ.

ಕರಿಹಲಗೆ
ಎಲ್ಲರೂ ಮ್ಯೂಸಿಯಂನವರನ್ನು ಕಳ್ಳರ ಥರ ನೋಡ್ತಿದ್ದೀರಿ. ಮ್ಯೂಸಿಯಂ ಒಳಗೇ ಹುಟ್ಟಿದ ಗೋಡೆಗಳ ಮಾತು ಯಾಕೆ ಯಾರೂ ಎತ್ತಲ್ಲ? ಮೆಕ್ಸಿಕೋದ ಭಿತ್ತಿಚಿತ್ರಕಾರ ಡಿಯೆಗೊ ರಿವೇರಾ 1932–33ರಲ್ಲಿ ಅಮೆರಿಕದ ಡೆಟ್ರಾಯಿಟ್ ಕಲಾ ಮ್ಯೂಸಿಯಂನ ಅಂಗಳದ ನಾಲ್ಕೂ ಗೋಡೆ ತುಂಬ 27 ಫಲಕ ಬರೆದ. ಕಾರ್ಖಾನೆಗೆ ಹೋಗಿ ಕೂತು, ಯಂತ್ರ, ಕೆಲಸಗಾರರ ಬಾಗಿದ ಬೆನ್ನು ನೋಡಿ ಬರೆದದ್ದು. ಖರ್ಚು ಕೊಟ್ಟವನು ಫೋರ್ಡ್ ಮನೆತನದ ಎಡ್ಸೆಲ್. ಆಗ ಪತ್ರಿಕೆಗಳಲ್ಲಿ, ಚರ್ಚುಗಳಲ್ಲಿ "ಅಳಿಸಿ" ಅಂತ ಗಲಾಟೆ. ಮ್ಯೂಸಿಯಂ ಅಳಿಸಲಿಲ್ಲ. ಇವತ್ತೂ ಅಲ್ಲೇ ಇದೆ.

ಅದೇ ರಿವೇರಾನ ನ್ಯೂಯಾರ್ಕ್ ಗೋಡೆಗೆ ಏನಾಯ್ತು ಗೊತ್ತಲ್ಲ? ರಾಕ್‌ಫೆಲ್ಲರ್ ಸೆಂಟರ್‌ನಲ್ಲಿ ಲೆನಿನ್‌ನ ಮುಖ ಬರೆದ ಅಂತ ಕೆಲಸ ನಿಲ್ಲಿಸಿ, 1934ರಲ್ಲಿ ಒಡೆದು ಹಾಕಿದರು. ಅದು ವ್ಯಾಪಾರದ ಕಟ್ಟಡ. ಒಂದೇ ಕೈ, ಎರಡು ಗೋಡೆ. ಉಳಿದದ್ದು ಮ್ಯೂಸಿಯಂನದು.

ನಡುರಾತ್ರಿ
ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಒಪ್ಪಿದೆ. ಆದರೆ ರಿವೇರಾಗೆ ಅಂಗಳ ಕೊಟ್ಟರು. ಇವರಿಗೆ ಐದು ತಿಂಗಳ ಪ್ಲಾಸ್ಟರ್ ಹಲಗೆ, ಅದೂ ಕೂಲಿ ಇಲ್ಲದೆ.

ಸುಣ್ಣಬಣ್ಣ
ಐದು ತಿಂಗಳ ಬಗ್ಗೆ ನನಗೆ ತಕರಾರಿಲ್ಲ. ಬೀದಿಯಲ್ಲಿ ಐದು ದಿನವೂ ಉಳಿಯಲ್ಲ ಕೆಲವು. 2008ರಲ್ಲಿ ಲಂಡನ್‌ನ ಟೇಟ್ ಮಾಡರ್ನ್ ನದಿ ಕಡೆಯ ಹೊರಗೋಡೆಯನ್ನು ಆರು ಕಲಾವಿದರಿಗೆ, ತಂಡಗಳಿಗೆ ಕೊಟ್ಟಿತ್ತು. ಬ್ಲೂ, ಜೆಆರ್, ಓಸ್ ಜೆಮಿಯೋಸ್ ಎಲ್ಲ ಇದ್ದರು. ಪ್ರದರ್ಶನ ಮುಗಿದ ಮೇಲೆ ತೆಗೆದರು. ಯಾರೂ ಅಳಲಿಲ್ಲ, ಮೊದಲೇ ಗೊತ್ತಿತ್ತು.

ಕೂಲಿ ಇಲ್ಲ ಅನ್ನೋದು ಮಾತ್ರ ಬೇಸರದ ವಿಷಯ. ಬಡಗಿಗೆ ಕೊಡ್ತಾರೆ, ದೀಪ ಹಾಕೋನಿಗೆ ಕೊಡ್ತಾರೆ, ಚಿತ್ರ ಬರೆಯೋನಿಗೆ ಮಾತ್ರ ಪ್ರಚಾರ! ನನ್ನನ್ನೂ ಒಂದು ಸಂಸ್ಥೆ ಹೀಗೇ ಕರೆದಿತ್ತು. 11 ದಿನ ಬರೆದೆ. ಉದ್ಘಾಟನೆಯ ಕರೆಯೋಲೆಯಲ್ಲಿ ನನ್ನ ಹೆಸರೇ ಇರಲಿಲ್ಲ, "ಸ್ಥಳೀಯ ಕಲಾವಿದರು" ಅಂತ ಇತ್ತು. ಅವತ್ತು ಮನೆಗೆ ಬಂದು ಅತ್ತಿದ್ದೇನೆ.

ಹೊಸಬಳು
ಅಯ್ಯೋ. ಹೆಸರೂ ಹಾಕಲಿಲ್ವಾ?

ಸುಣ್ಣಬಣ್ಣ
ಇಲ್ಲ. ಅದಕ್ಕೇ ಹೇಳೋದು, ಹೆಸರು ಎಲ್ಲೆಲ್ಲಿ ಬರುತ್ತೆ ಅನ್ನೋದನ್ನೂ ಬರೆಸಿಕೊಳ್ಳಿ. ಗೋಡೆ ಪಕ್ಕದ ಫಲಕ, ಕರೆಯೋಲೆ, ಪ್ರತಿ ಫೋಟೋದ ಕೆಳಗೆ.

ಬಿಡಿಎಳೆ
ಪ್ರಾದೇಶಿಕ ಮ್ಯೂಸಿಯಂ ಅಂದ ಕೂಡಲೇ ನನಗೆ ನೆನಪಾಗೋದು ಇಂಗ್ಲೆಂಡಿನ ಬ್ರಿಸ್ಟಲ್. ಅಲ್ಲೂ ಹೀಗೇ: ಪ್ರಾಚೀನ ವಸ್ತು, ಪ್ರಾಣಿಗಳ ಮಾದರಿ, ಹಳೇ ಚಿತ್ರ ಎಲ್ಲ ಒಂದೇ ಸೂರಿನಡಿ. 2009ರ ಬೇಸಿಗೆಯಲ್ಲಿ, ಗುರುತು ಮುಚ್ಚಿಟ್ಟ ಬೀದಿ ಕಲಾವಿದ ಬ್ಯಾಂಕ್ಸಿ ಅಲ್ಲಿ ಗುಟ್ಟಾಗಿ ಪ್ರದರ್ಶನ ಸಿದ್ಧಮಾಡಿದ. ಒಳಗಿನ ಬೆರಳೆಣಿಕೆಯ ಜನಕ್ಕೆ ಮಾತ್ರ ಗೊತ್ತಿತ್ತು. ತನ್ನ ಕೃತಿಗಳಲ್ಲಿ ಹಲವನ್ನು ಶಾಶ್ವತ ಸಂಗ್ರಹದ ನಡುನಡುವೆ ಸೇರಿಸಿಟ್ಟ, ಹುಡುಕಿಕೊಂಡು ಹೋಗಬೇಕು. 12 ವಾರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ. ಬಣ್ಣದ ಡಬ್ಬಿ ತಲೆ ಮೇಲೆ ಸುರಿದುಕೊಂಡ ದೇವತೆಯ ಪ್ರತಿಮೆ ಆಮೇಲೂ ಅಲ್ಲೇ ಉಳೀತು.

ನನಗೆ ಇಷ್ಟ ಆಗೋದು ಆ ಹುಡುಕಾಟ. ಅವನ ಕೃತಿ ಹುಡುಕ್ತಾ ಹೋದ ಜನ, ಯಾವತ್ತೂ ನೋಡದಿದ್ದ ಹಳೇ ಪೆಟ್ಟಿಗೆಗಳ ಮುಂದೆಯೂ ನಿಲ್ಲಬೇಕಾಯ್ತು. ಗೋಡೆಕುಂಚ, ನಿಮ್ಮ ಆರು ಜನರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕ್ತಾರಾ, ಇತಿಹಾಸದ ಕೋಣೆಗಳ ನಡುವೆ ಗೋಡೆ ಕೊಡ್ತಾರಾ? ನಾನಾದರೆ ಅದನ್ನೇ ಕೇಳ್ತೀನಿ. ಹಳೇ ಉಪಕರಣಗಳ ಪಕ್ಕ ಇವತ್ತಿನ ಕೆಲಸಗಾರರ ಗೋಡೆ ಇದ್ದರೆ ಎರಡೂ ಮಾತಾಡ್ತವೆ.

ತೇವಗೋಡೆ
ಸ್ವಲ್ಪ ತಡೀರಿ. ಸಂಗ್ರಹದ ಪಕ್ಕದಲ್ಲಿ ಸ್ಪ್ರೇ ಮಾಡೋದು ನಮ್ಮಂಥವರಿಗೆ ಕೆಟ್ಟ ಕನಸು. ದ್ರಾವಕದ ಆವಿ, ಗಾಳಿಯಲ್ಲಿ ತೇಲುವ ಬಣ್ಣದ ಹನಿ ಎಲ್ಲ ಪಕ್ಕದ ವಸ್ತುಗಳ ಮೇಲೆ ಕೂರುತ್ತೆ. ಪ್ರದರ್ಶನದ ಪೆಟ್ಟಿಗೆಗಳನ್ನು ಮೊದಲು ಹೊರಗೆ ಸಾಗಿಸಬೇಕು, ಅಥವಾ ಹಲಗೆಗಳನ್ನು ಬೇರೆ ಕಡೆ ಬರೆದು, ಪೂರ್ತಿ ಒಣಗಿ ವಾಸನೆ ಹೋದ ಮೇಲೆ ತಂದು ನಿಲ್ಲಿಸಬೇಕು. ನೀರು ಆಧಾರಿತ ಸ್ಪ್ರೇ ಕ್ಯಾನ್ ಬಂದಿವೆ, ಆದರೂ ಮಾಸ್ಕ್ ಬೇಕೇ ಬೇಕು.

ನಡುರಾತ್ರಿ
ಬೇರೆ ಕಡೆ ಬರೆದು ತಂದು ನಿಲ್ಲಿಸಿದರೆ ಅದು ಗೋಡೆ ಹೇಗಾಗುತ್ತೆ? ದೊಡ್ಡ ಕ್ಯಾನ್ವಾಸು ಅಷ್ಟೇ.

ಸುಣ್ಣಬಣ್ಣ
ಫಿಲಡೆಲ್ಫಿಯಾದ ಮ್ಯೂರಲ್ ಕಾರ್ಯಕ್ರಮದವರು ಎಷ್ಟೋ ಗೋಡೆ ಹಾಗೇ ಮಾಡ್ತಾರೆ ಸ್ವಾಮಿ. ತೆಳು ಬಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸಿ, ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ, ಜೈಲುಗಳಲ್ಲೂ ಜನರಿಂದ ಬಣ್ಣ ತುಂಬಿಸಿ, ಆಮೇಲೆ ಗೋಡೆಗೆ ಅಂಟಿಸ್ತಾರೆ. 1984ರಲ್ಲಿ ಗ್ರಾಫಿಟಿ ತಡೆಯೋಕೆ ಅಂತ ಶುರುವಾದ ಕಾರ್ಯಕ್ರಮ ಅದು, ಗೀಚೋ ಹುಡುಗರ ಕೈಗೇ ಕುಂಚ ಕೊಟ್ಟು ಬೆಳೀತು. ಏಣಿ ಹತ್ತಲಾಗದ ಅಜ್ಜಿಯೂ ಬರೆಯಬಹುದು. ಅದನ್ನು ಗೋಡೆ ಅಲ್ಲ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಕರಿಹಲಗೆ
ಇನ್ನೊಂದು ದಾರಿ: ಜನರ ಮುಂದೆ ಬರೆಯೋದು. ಭಿತ್ತಿಚಿತ್ರ ಕಲಾವಿದೆ ಜೂಡಿ ಬಾಕಾ 1970ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಒಂದು ಪ್ರವಾಹ ಕಾಲುವೆಯ ಕಾಂಕ್ರೀಟ್ ಗೋಡೆ ಮೇಲೆ ಆ ಸೀಮೆಯ ಇತಿಹಾಸ ಬರೆಸೋಕೆ ಶುರುಮಾಡಿದವಳು. ಪುಸ್ತಕಗಳು ಬಿಟ್ಟ ಜನರ ಇತಿಹಾಸ. 400ಕ್ಕೂ ಹೆಚ್ಚು ಹುಡುಗ ಹುಡುಗಿಯರು ಕೈ ಹಾಕಿದ, ಸುಮಾರು ಅರ್ಧ ಮೈಲಿ ಉದ್ದದ ಗೋಡೆ. 2023ರಲ್ಲಿ ಲಾಸ್ ಏಂಜಲಿಸ್ ಕೌಂಟಿ ಕಲಾ ಮ್ಯೂಸಿಯಂ ಅವಳ ತಂಡಕ್ಕೆ ತನ್ನ ಗ್ಯಾಲರಿಯನ್ನೇ ಕೆಲಸದ ಜಾಗ ಮಾಡಿಕೊಟ್ಟಿತು. ಮುಂದಿನ ಭಾಗಗಳನ್ನು ನೋಡುಗರ ಎದುರೇ ಬರೆದರು. ಮ್ಯೂಸಿಯಂ ಗೋಡೆಯನ್ನು ಒಳಗೆ ಎಳೆದುಕೊಳ್ಳಲಿಲ್ಲ, ಗೋಡೆಗೆ ಹೋಗಬೇಕಾದ್ದನ್ನು ಒಳಗೆ ಬರೆಸಿತು. ಇದಕ್ಕೂ ತಕರಾರಾ, ನಡುರಾತ್ರಿ?

ನಡುರಾತ್ರಿ
ಇಲ್ಲ. ಇದು ಇಷ್ಟ ಆಯ್ತು.

ಹಳೇ ಕಡತ
ಎರಡನೇ ಪ್ರಶ್ನೆಗೆ ವಾಪಸ್ ಬರೋಣ, ಅದೇ ಕಷ್ಟದ್ದು. ಗೋಡೆಕುಂಚ, ಆ ಬೀದಿಯವರನ್ನು ಕೇಳಿದಿರಾ? ಒಟ್ಟಿಗೆ ಬರೆದ ಗೋಡೆಗೆ ನೀವೊಬ್ಬರೇ ಒಪ್ಪಿಗೆ ಕೊಡೋದು ಹೇಗೆ?

ಗೋಡೆಕುಂಚ
ಕೇಳಿರಲಿಲ್ಲ. ನಾಚಿಕೆ ಆಯ್ತು. ನಾಳೆ ಹೋಗ್ತೀನಿ.

ದೀಪದ ಬುಡ
ಹೋಗಿ ಬಂದು ಬರೀರಿ. ಕಾಯ್ತೀವಿ.

ಗೋಡೆಕುಂಚ
ಹತ್ತು ದಿನ ಆಯ್ತು, ಕ್ಷಮಿಸಿ. ಒಂದೊಂದಾಗಿ ಹೇಳ್ತೀನಿ.

ಬೀದಿಯಲ್ಲಿ ಸಂಜೆ ಹೊತ್ತು ಗೋಡೆ ಮುಂದೆಯೇ ಸೇರಿದೆವು. ಇಪ್ಪತ್ತು ಇಪ್ಪತ್ತೈದು ಜನ. ಒಬ್ಬ ಮುದುಕರು, ಚಿತ್ರದಲ್ಲಿ ಅವರ ಹೆಂಡತಿ ಇದ್ದಾರೆ, ಈಗ ಬದುಕಿಲ್ಲ, "ಪೂರ್ತಿ ಬೇಡ, ಆ ಮುಖ ಒಂದನ್ನು ಉಳಿಸಿ" ಅಂದರು. ಅವರ ಸೊಸೆ, "ಮುಖ ಕತ್ತರಿಸಿ ಒಯ್ದರೆ ಅತ್ತೆ ಒಬ್ಬರೇ ಆಗ್ತಾರೆ, ಸುತ್ತ ಎಲ್ಲರೂ ಇದ್ದರೆ ಮಾತ್ರ ಒಯ್ಯಲಿ" ಅಂದಳು. ನನಗೆ ಮಾತೇ ಬರಲಿಲ್ಲ. ಬಹಳ ಹೊತ್ತು ವಾದ ಆಯ್ತು. ಕೊನೆಗೆ, ತೇವಗೋಡೆ ಹೇಳಿದಂತೆ ಗಾರೆ ಇರುವ ಭಾಗದಲ್ಲಿ ಮೊದಲು ಪರೀಕ್ಷೆ ಮಾಡಲಿ, ಸರಿ ಬಂದರೆ ಆ ಮುಖವೂ ಸೇರಿ ಐವರಿರುವ ಗುಂಪನ್ನು ಒಟ್ಟಿಗೆ ತೆಗೆಯಲಿ, ಬರದಿದ್ದರೆ ಯಾವುದನ್ನೂ ಮುಟ್ಟಬಾರದು ಅಂತ ತೀರ್ಮಾನ. ಅದರ ಜೊತೆ ಆಗಿನ ಕರಡು ಚಿತ್ರಗಳು, ಅಳತೆಯ ಹಾಳೆ, ಬೀದಿಯವರ ದನಿಯಲ್ಲಿ ಗೋಡೆಯ ಕಥೆ, ಇಷ್ಟನ್ನೂ ಮ್ಯೂಸಿಯಂ ಸಂಗ್ರಹಕ್ಕೆ ತಗೋಬೇಕು. ಫಲಕದಲ್ಲಿ ನನ್ನೊಬ್ಬನ ಹೆಸರಲ್ಲ, 31 ಜನರ ಹೆಸರು.

ಮ್ಯೂಸಿಯಂನವರು ಇದಕ್ಕೆ ಒಪ್ಪಿದರು. ಕ್ಯುರೇಟರ್ ಸ್ವತಃ ಬೀದಿಗೆ ಬಂದು ಕೂತರು, ಅದಕ್ಕೆ ಅವರನ್ನು ಮೆಚ್ಚಬೇಕು.

ಪ್ರದರ್ಶನದ ವಿಷಯ: ಆರು ಜನರೂ ಒಟ್ಟಿಗೆ ಹೋಗಿ ಕೇಳಿದೆವು. ಕೂಲಿ ಸಿಕ್ಕಿತು, ಕೇಳಿದಷ್ಟಲ್ಲ. ಫೋಟೋ ಹಕ್ಕು ಇಬ್ಬರಿಗೂ. "ಯಾವಾಗ ಬೇಕಾದರೂ ತೆಗೆಯಬಹುದು" ಅನ್ನೋ ಸಾಲು ಹೋಗಲಿಲ್ಲ, ಆದರೆ 15 ದಿನ ಮುಂಚೆ ಬರಹದಲ್ಲಿ ಕಾರಣ ಕೊಡಬೇಕು, ನಮಗೆ ದಾಖಲಿಸಿಕೊಳ್ಳೋಕೆ ಬಿಡಬೇಕು ಅಂತ ಸೇರಿತು. ನನ್ನ ಗೋಡೆ ಉಪಕರಣಗಳ ಕೋಣೆಗೆ ಹೋಗುವ ದಾರಿಯಲ್ಲಿ.

ನಡುರಾತ್ರಿ
15 ದಿನದ ಸಾಲು ನನಗೆ ಸಾಲದು. ನಾನಾಗಿದ್ದರೆ ಸಹಿ ಹಾಕ್ತಿರಲಿಲ್ಲ. ಆದರೂ 31 ಹೆಸರು ಅಂದಿರಲ್ಲ, ಅದನ್ನು ನೋಡೋಕೆ ಬರ್ತೀನಿ.

ಬಿಡಿಎಳೆ
ಅಕ್ಷರ ಬರೆಯೋರು ಆರರಲ್ಲಿ ಎಷ್ಟು ಜನ?

ಗೋಡೆಕುಂಚ
ಇಬ್ಬರು. ಒಬ್ಬಳು ತನ್ನ ಕಪ್ಪು ಪುಸ್ತಕಗಳನ್ನೂ ಪೆಟ್ಟಿಗೆಯಲ್ಲಿ ಇಡ್ತಿದ್ದಾಳೆ. ಹಳೇ ಕಡತ ಹೇಳಿದ ವಾಂಗ್ ಕಥೆಯನ್ನು ಅವಳಿಗೆ ಹೇಳಿದ್ದೆ.

ತೇವಗೋಡೆ ಅವರೇ, ಸೋಮವಾರ ಪ್ಲಾಸ್ಟರ್ ಹಲಗೆಗೆ ಪ್ರೈಮರ್ ಹೊಡೀಬೇಕು. ಕೋಣೆಯಲ್ಲಿ ಕಬ್ಬಿಣದ ಹಳೇ ವಸ್ತುಗಳಿವೆ. ಯಾವುದು ಹಾಕಲಿ?

ತೇವಗೋಡೆ
ನೀರು ಆಧಾರಿತ ಅಕ್ರಿಲಿಕ್ ಪ್ರೈಮರ್, ಎರಡು ಕೈ ತೆಳುವಾಗಿ. ಎಣ್ಣೆ ಆಧಾರಿತದ್ದು ಬೇಡ, ಒಣಗುವಾಗ ಆಮ್ಲದ ಆವಿ ಬಿಡುತ್ತೆ, ಕಬ್ಬಿಣಕ್ಕೆ ಒಳ್ಳೇದಲ್ಲ. ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿದ ಮೇಲೆಯೇ ಶುರುಮಾಡಿ. ವಾಪಸ್ ತರೋ ಮುಂಚೆ ಆದಷ್ಟು ವಾರ ಗಾಳಿ ಆಡಲಿ, ನಾಲ್ಕಕ್ಕಿಂತ ಕಡಿಮೆ ಬೇಡ. ಬೀದಿ ಗೋಡೆಯ ಪರೀಕ್ಷೆ ದಿನ ನನಗೂ ಹೇಳಿ, ಬರ್ತೀನಿ.